‘ಆಲ್ ನ್ಯಾಚುರಲ್’ ಎಂದು ಅಚ್ಚು ಹಾಕಿದವರ ಮೇಲೆ ದಾವೆ: ಕೊಂಡವರಿಗೆ ಸಿಗುವುದೇನು?

ತುಂಗಾತೀರ
ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಮೊನ್ನೆ ಅಂಚೆಯಲ್ಲಿ ಒಂದು ಕಾರ್ಡ್ ಬಂದಿದೆ. ಮಕ್ಕಳಿಗೆಂದು ನಾವು ತರುತ್ತಿದ್ದ ಒಂದು ತಿಂಡಿಯ ಪೊಟ್ಟಣದ ಮೇಲೆ ‘ಆಲ್ ನ್ಯಾಚುರಲ್’ ಎಂದು ಬರೆದದ್ದು ಸುಳ್ಳೆಂದು ಯಾರೋ ದಾವೆ ಹೂಡಿದ್ದರಂತೆ. ಕಂಪನಿ ರಾಜಿಗೆ ಬಂದಿದೆಯಂತೆ. ಕೊಂಡವರೆಲ್ಲ ಅರ್ಜಿ ಹಾಕಿದರೆ ಒಂದಿಷ್ಟು ಡಾಲರ್ ಸಿಗುತ್ತದಂತೆ, ರಸೀದಿ ಇಲ್ಲದಿದ್ದರೂ ಅಡ್ಡಿಯಿಲ್ಲವಂತೆ. ಮನೆಯವರು ‘ಇದು ಯಾವುದೋ ಮೋಸದ ಜಾಲ, ಹರಿದು ಬಿಸಾಡಿ’ ಎನ್ನುತ್ತಿದ್ದಾರೆ.

ಇದು ನಿಜವೇ? ನಿಜವಾದರೆ ನನಗೆ ಇನ್ನೊಂದು ಅನುಮಾನವೂ ಇದೆ. ಆ ತಿಂಡಿ ತಿಂದು ಯಾರಿಗೂ ಹೊಟ್ಟೆನೋವು ಬರಲಿಲ್ಲ. ಹಾಗಿರುವಾಗ ಪೊಟ್ಟಣದ ಮೇಲಿನ ಎರಡು ಪದಗಳಿಗಾಗಿ ಲಕ್ಷಗಟ್ಟಲೆ ಡಾಲರಿನ ದಾವೆ ಹೂಡುವುದರಲ್ಲಿ ಅರ್ಥವಿದೆಯೇ? ಊರಿನಲ್ಲಿ ಇಂಥದ್ದೇನಾದರೂ ನಡೆಯುತ್ತದೆಯೇ?

ಒಗ್ಗರಣೆ
ಬ್ಯಾಂಕಿನ ಪಾಸ್‌ವರ್ಡ್ ಕೇಳಿದರೆ ಮೋಸ. ಹೆಸರು, ವಿಳಾಸ ಮಾತ್ರ ಕೇಳಿದರೆ ದುಡ್ಡು. ಹಾಕಿ ನೋಡಿ.

ದಾವೆದಾರ
ಅಷ್ಟು ಸುಲಭವಾಗಿ ಹೇಳಿಬಿಡಬೇಡಿ. ಕಾರ್ಡಿನ ಮೇಲೆ ನ್ಯಾಯಾಲಯದ ಹೆಸರೂ ಪ್ರಕರಣದ ಸಂಖ್ಯೆಯೂ ಇರಬೇಕು. ಅವನ್ನು ಆ ನ್ಯಾಯಾಲಯದ ಜಾಲತಾಣದಲ್ಲಿಯೇ ತಾಳೆ ನೋಡಿ, ಆಮೇಲೆ ಅರ್ಜಿ ತುಂಬಿಸಿ. ಇಲ್ಲಿ ನಡೆಯುವುದು ಸಾಮೂಹಿಕ ದಾವೆ: ಒಬ್ಬಿಬ್ಬರು ಮುಂದೆ ನಿಂತು ಕೊಂಡವರೆಲ್ಲರ ಪರವಾಗಿ ಹೂಡುತ್ತಾರೆ. ನೀವು ಸುಮ್ಮನೆ ಕೂತರೆ ದುಡ್ಡೂ ಇಲ್ಲ, ಮುಂದೆ ಸ್ವಂತವಾಗಿ ದಾವೆ ಹೂಡುವ ಹಕ್ಕೂ ಇಲ್ಲ. ಹೊರಗುಳಿಯುತ್ತೇನೆಂದು ಗಡುವಿನೊಳಗೆ ಬರೆದು ಕೊಟ್ಟರೆ ಮಾತ್ರ ಆ ಹಕ್ಕು ಉಳಿಯುತ್ತದೆ. ಇನ್ನೊಂದು ಮಾತು, ಅರ್ಜಿಯ ಕೆಳಗೆ ಸಾಮಾನ್ಯವಾಗಿ ಪ್ರಮಾಣದ ಸಾಲು ಇರುತ್ತದೆ. ಕೊಳ್ಳದೆ ಇದ್ದವರು ಕೊಂಡೆವೆಂದು ಬರೆಯಬಾರದು.

ಲೇಬಲ್ ಓದುಗ
ತುಂಗಾತೀರ ಅವರೇ, ನಿಜವೇ ಇರಬೇಕು. ಪೆಪ್ಸಿಕೋದ ನೇಕೆಡ್ ಜ್ಯೂಸ್ ಪ್ರಕರಣ ನೆನಪಿದೆಯೇ? ಬಾಟಲಿಯ ಮೇಲೆ ‘ಆಲ್ ನ್ಯಾಚುರಲ್’ ಎಂದಿತ್ತು, ಕುಲಾಂತರಿ ಪದಾರ್ಥ ಇಲ್ಲವೆಂದೂ ಇತ್ತು. 2013ರಲ್ಲಿ 90 ಲಕ್ಷ ಡಾಲರಿಗೆ ರಾಜಿಯಾಯಿತು. ರಸೀದಿ ಇದ್ದವರಿಗೆ ಗರಿಷ್ಠ 75 ಡಾಲರ್, ಇಲ್ಲದವರಿಗೆ ಗರಿಷ್ಠ 45. ಕಂಪನಿ ತಪ್ಪನ್ನೇನೂ ಒಪ್ಪಿಕೊಳ್ಳಲಿಲ್ಲ, ಆದರೆ ಆ ಪದವನ್ನು ಕೈಬಿಟ್ಟಿತು. ಮರುವರ್ಷ ಕೆಲಾಗ್‌ನವರ ಕಾಶಿ ತಿಂಡಿಗಳ ಸರದಿ. ಅಲ್ಲಿ 50 ಲಕ್ಷ ಡಾಲರ್.

ಹಳೇ ಗ್ರಾಹಕ
ಕಂಪನಿಗೆ ಅದು ಎಳ್ಳುಕಾಳು. ಕೊಂಡವನಿಗೆ ಕಾಫಿಯ ದುಡ್ಡು. ವಕೀಲನಿಗೆ ಬಂಗಲೆ. ಈ ಇಡೀ ವ್ಯವಹಾರವನ್ನು ಇಷ್ಟರಲ್ಲಿ ಮುಗಿಸಬಹುದು.

ದಾವೆದಾರ
ಬಂಗಲೆಯ ವಿಷಯಕ್ಕೆ ಆಮೇಲೆ ಬರೋಣ. ಮೊದಲು ತುಂಗಾತೀರ ಅವರ ಎರಡನೆಯ ಅನುಮಾನ. ಹೊಟ್ಟೆನೋವು ಬಂದಿತೇ ಎಂಬುದು ಈ ದಾವೆಗಳಲ್ಲಿ ಪ್ರಶ್ನೆಯೇ ಅಲ್ಲ. ‘ನ್ಯಾಚುರಲ್’ ಎಂದು ಬರೆದದ್ದಕ್ಕೆ ನೀವು ಪಕ್ಕದ ಪೊಟ್ಟಣಕ್ಕಿಂತ ಹೆಚ್ಚು ಬೆಲೆ ಕೊಟ್ಟಿರಿ, ಆ ಹೆಚ್ಚುವರಿ ಬೆಲೆಯೇ ನಿಮ್ಮ ನಷ್ಟ ಎಂಬುದು ವಾದ. ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರ ಪರವಾದ ಕಾನೂನುಗಳು ಗಟ್ಟಿಯಾಗಿವೆ, ಆದ್ದರಿಂದ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ನ್ಯಾಯಾಲಯಕ್ಕೆ ವಕೀಲರು ‘ಫುಡ್ ಕೋರ್ಟ್’ ಎಂದೇ ಅಡ್ಡಹೆಸರಿಟ್ಟಿದ್ದಾರೆ. ನ್ಯೂಯಾರ್ಕಿನಲ್ಲಿ ಇನ್ನೊಂದು ಅನುಕೂಲವಿದೆ. ಅಲ್ಲಿ ನಷ್ಟ ಎಷ್ಟೆಂದು ಲೆಕ್ಕ ತೋರಿಸಲು ಆಗದಿದ್ದರೂ ಮೋಸದ ವ್ಯವಹಾರಕ್ಕೆ 50 ಡಾಲರ್, ಸುಳ್ಳು ಜಾಹೀರಾತಿಗೆ 500 ಡಾಲರ್ ಎಂದು ಕಾನೂನೇ ನಿಗದಿ ಮಾಡಿದೆ.

ಇಷ್ಟೊಂದು ದಾವೆಗಳಿಗೆ ಮೂಲ ಕಾರಣ ಸರ್ಕಾರದ ಮೌನ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ‘ನ್ಯಾಚುರಲ್’ಗೆ ಇಂದಿಗೂ ನಿಯಮದ ಬಲವಿರುವ ವ್ಯಾಖ್ಯೆ ಕೊಟ್ಟಿಲ್ಲ. ಆ ಆಹಾರದಲ್ಲಿ ಸಾಮಾನ್ಯವಾಗಿ ಇರಬಹುದೆಂದು ಯಾರೂ ನಿರೀಕ್ಷಿಸದ ಕೃತಕ ವಸ್ತುವನ್ನು, ಬಣ್ಣವನ್ನೂ ಸೇರಿಸಿ, ಹಾಕಿರಬಾರದು ಎಂಬ 1993ರ ಒಂದು ನೀತಿ ಮಾತ್ರ ಇದೆ. ನ್ಯಾಯಾಧೀಶರು ‘ನೀವೇ ತೀರ್ಮಾನಿಸಿ’ ಎಂದು ಕಡತ ಕಳಿಸಿದರೆ 2014ರ ಜನವರಿಯಲ್ಲಿ ‘ಈಗ ಆಗುವುದಿಲ್ಲ’ ಎಂದು ಉತ್ತರ ಬಂತು. 2015ರ ನವೆಂಬರಿನಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದರು. ಸಾವಿರಾರು ಜನ ಬರೆದರು. ನಿಯಮ ಬರಲಿಲ್ಲ.

ಒಗ್ಗರಣೆ
ಕಡತ ಕೂರುವ ಕಾಯಿಲೆ ನಮ್ಮ ವಿಧಾನಸೌಧದ್ದು ಮಾತ್ರ ಅಂದುಕೊಂಡಿದ್ದೆ.

ಪಾಕಶಾಸ್ತ್ರಿ
ಮೈಸೂರಿನಲ್ಲಿ ಆಹಾರ ತಂತ್ರಜ್ಞಾನ ಓದಿ ಈಗ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ವ್ಯಾಖ್ಯೆ ಮಾಡುವುದು ಅಷ್ಟು ಸುಲಭವಲ್ಲ ಎಂದು ಹೇಳಲೇಬೇಕು. ಸಿಟ್ರಿಕ್ ಆಮ್ಲವನ್ನೇ ತೆಗೆದುಕೊಳ್ಳಿ. ನಿಂಬೆಯಲ್ಲಿ ಇರುವುದೂ ಅದೇ, ಹಣ್ಣಿನ ಡಬ್ಬಿಗೆ ಹಾಕುವುದೂ ಅದೇ. ಆದರೆ ಕಾರ್ಖಾನೆಗೆ ಬರುವುದು ನಿಂಬೆಯಿಂದಲ್ಲ. ಸಕ್ಕರೆಯ ದ್ರಾವಣದಲ್ಲಿ ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟನ್ನು ಬೆಳೆಸಿ ಹುದುಗಿಸಿ ತೆಗೆಯುತ್ತಾರೆ. ಇದು ನೈಸರ್ಗಿಕವೇ, ಕೃತಕವೇ? ಡೋಲ್ ಕಂಪನಿಯ ಹಣ್ಣಿನ ಡಬ್ಬಿಗಳ ಮೇಲೆ ‘ಆಲ್ ನ್ಯಾಚುರಲ್ ಫ್ರೂಟ್’ ಎಂದಿದ್ದಕ್ಕೆ ಇದೇ ಸಿಟ್ರಿಕ್ ಆಮ್ಲ ಮತ್ತು ವಿಟಮಿನ್ ಸಿ ಹಿಡಿದುಕೊಂಡು ವರ್ಷಗಟ್ಟಲೆ ದಾವೆ ನಡೆಯಿತು. ಬೂಷ್ಟು ಎಂದ ಕೂಡಲೇ ಮೂಗು ಮುರಿಯುವವರು ಬೆಳಗ್ಗೆ ದೋಸೆ ಹಿಟ್ಟು ಉಬ್ಬಿದ್ದು ಹೇಗೆಂದು ಯೋಚಿಸಲಿ.

ಲೇಬಲ್ ಓದುಗ
ಪಾಕಶಾಸ್ತ್ರಿಗಳೇ, ದೋಸೆ ಹಿಟ್ಟಿನ ಮೇಲೆ ‘ನೂರಕ್ಕೆ ನೂರು ನೈಸರ್ಗಿಕ’ ಎಂದು ಬರೆದು ಎರಡು ಪಟ್ಟು ದರಕ್ಕೆ ಮಾರಿದರೆ ನಾನು ಅದನ್ನೂ ಕೇಳುತ್ತೇನೆ! ನಿಮ್ಮ ಸಿಟ್ರಿಕ್ ಆಮ್ಲಕ್ಕೆ ಯಾರ ತಕರಾರೂ ಇಲ್ಲ. ಹಿಂದುಗಡೆ ಸಣ್ಣಕ್ಷರದಲ್ಲಿ ಅದನ್ನು ಬರೆದು, ಮುಂದುಗಡೆ ದೊಡ್ಡಕ್ಷರದಲ್ಲಿ ತೋಟದ ಚಿತ್ರ ಹಾಕುವುದಕ್ಕೆ ತಕರಾರು.

ಹಳೇ ಗ್ರಾಹಕ
ಹಿಂದುಗಡೆ ಬರೆದಿದ್ದಾರಲ್ಲ, ಓದಿ! ಡಬ್ಬಿ ತಿರುಗಿಸಲಾರದಷ್ಟು ಸೋಮಾರಿಯಾದವರಿಗೆ ಪರಿಹಾರ ಬೇರೆ ಕೊಡಬೇಕೇ?

ದಾವೆದಾರ
ಇದೇ ಪ್ರಶ್ನೆಯನ್ನು ನ್ಯಾಯಾಲಯಗಳು ಎರಡು ಬಗೆಯಲ್ಲಿ ಬಿಡಿಸಿವೆ. 2008ರಲ್ಲಿ ಗರ್ಬರ್ ಕಂಪನಿಯ ಮಕ್ಕಳ ತಿಂಡಿಯ ಪ್ರಕರಣ. ಪೊಟ್ಟಣದ ಮುಂದೆ ಬಗೆಬಗೆಯ ಹಣ್ಣಿನ ಚಿತ್ರ, ಒಳಗೆ ಹೆಚ್ಚಾಗಿ ಸಕ್ಕರೆಯ ಪಾಕ. ಮುಂದೆ ಹೇಳಿದ ಸುಳ್ಳನ್ನು ಬದಿಯ ಸಣ್ಣಕ್ಷರದಲ್ಲಿ ತಿದ್ದಿದರೆ ಸಾಲದು, ಗ್ರಾಹಕ ಅದನ್ನು ಹುಡುಕಿ ಓದಬೇಕೆಂದು ನಿರೀಕ್ಷಿಸುವಂತಿಲ್ಲ ಎಂದು ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಅಂದರೆ ಕ್ಯಾಲಿಫೋರ್ನಿಯಾ ಮತ್ತು ಸುತ್ತಲಿನ ಪಶ್ಚಿಮ ರಾಜ್ಯಗಳ ಫೆಡರಲ್ ಮೇಲ್ಮನವಿ ಕೇಳುವ ನ್ಯಾಯಾಲಯ, ಹೇಳಿತು. ಅದೇ ನ್ಯಾಯಾಲಯ 2023ರಲ್ಲಿ ‘ನೇಚರ್ ಫ್ಯೂಶನ್’ ಎಂಬ ಶಾಂಪೂ ಪ್ರಕರಣದಲ್ಲಿ ಬೇರೆ ಮಾತು ಹೇಳಿತು: ಮುಂದಿನ ಬರಹ ಸ್ಪಷ್ಟ ಸುಳ್ಳಲ್ಲದೆ ಬರೀ ಗೊಂದಲದ್ದಾಗಿದ್ದರೆ ಹಿಂದೆ ತಿರುಗಿಸಿ ನೋಡಿ ಗೊಂದಲ ಬಿಡಿಸಿಕೊಳ್ಳಬಹುದು. ಹಳೇ ಗ್ರಾಹಕರೇ, ನಿಮ್ಮ ವಾದಕ್ಕೆ ಶಾಂಪೂವಿನಲ್ಲಿ ಜಯ, ಮಕ್ಕಳ ತಿಂಡಿಯಲ್ಲಿ ಸೋಲು.

ಕೊಡಚಾದ್ರಿ
ಮಿನಿಟ್ ಮೇಡ್ ದಾಳಿಂಬೆ ರಸದ ಮೇಲೂ ಗ್ರಾಹಕರು ಗೆದ್ದರಲ್ಲ, ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ? ದಾಳಿಂಬೆ ಎಂದು ಬರೆದು ಒಳಗೆ ಶೇ. 0.3 ಮಾತ್ರ ದಾಳಿಂಬೆ ಇತ್ತು.

ದಾವೆದಾರ
ಅದು ಗ್ರಾಹಕರ ದಾವೆಯಲ್ಲ. ಹೂಡಿದ್ದು ಪಾಮ್ ವಂಡರ್‌ಫುಲ್ ಎಂಬ ಎದುರಾಳಿ ಕಂಪನಿ, ಕೋಕಾ ಕೋಲಾದ ಮೇಲೆ. 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ‘ಇಂಥ ದಾವೆ ಹೂಡಬಹುದು’ ಎಂದಷ್ಟೇ. ಆದರೆ ಅಂಕಿ ಸರಿಯಾಗಿದೆ. ಅದರಲ್ಲಿದ್ದದ್ದು ಶೇ. 99ಕ್ಕಿಂತ ಹೆಚ್ಚು ಸೇಬು ಮತ್ತು ದ್ರಾಕ್ಷಿಯ ರಸ.

ಕೊಡಚಾದ್ರಿ
ಯಾರು ಹೂಡಿದರೇನು, ಸುಳ್ಳು ಸುಳ್ಳೇ ತಾನೆ. ಒಂದು ಚಮಚ ದಾಳಿಂಬೆ ಹಾಕಿ ಬಾಟಲಿ ತುಂಬ ದಾಳಿಂಬೆ ಚಿತ್ರ ಬಿಡಿಸುವವರಿಗೆ ಧೈರ್ಯ ಬರುವುದು ನಾವು ಕೇಳದೆ ಇರುವುದರಿಂದ.

ಲೇಬಲ್ ಓದುಗ
ಕೋಕಾ ಕೋಲಾದ ಇನ್ನೊಂದು ಪ್ರಕರಣ ಇದಕ್ಕಿಂತ ರುಚಿಯಾಗಿದೆ. ‘ವಿಟಮಿನ್‌ವಾಟರ್’ ಎಂಬ ಪೇಯದಲ್ಲಿ ಸಕ್ಕರೆ ತುಂಬಿದೆ ಎಂದು 2009ರಲ್ಲಿ ದಾವೆ ಬಿತ್ತು. ಕಂಪನಿಯ ವಕೀಲರ ಉತ್ತರವೇನು ಗೊತ್ತೇ? ಇದು ಆರೋಗ್ಯಕ್ಕೆ ಒಳ್ಳೆಯ ಪೇಯ ಎಂದು ಬುದ್ಧಿಯಿರುವ ಯಾವ ಗ್ರಾಹಕನೂ ತಪ್ಪು ತಿಳಿಯಲಾರ ಎಂದು! ಜಾಹೀರಾತಿನವರು ಕಟ್ಟಿದ ಗೋಪುರವನ್ನು ವಕೀಲರೇ ಕೆಡವಿದರು. ನ್ಯಾಯಾಧೀಶರು ದಾವೆಯನ್ನು ವಜಾ ಮಾಡಲಿಲ್ಲ.

ಹಳೇ ಗ್ರಾಹಕ
ನಗಿಸುವ ಪ್ರಕರಣಗಳೇ ಬೇಕೆಂದರೆ ಗ್ರಾಹಕರ ಕಡೆಯಿಂದಲೂ ಬೇಕಾದಷ್ಟು ಕೊಡುತ್ತೇನೆ. ಕ್ಯಾಪ್‌ನ್ ಕ್ರಂಚ್ ಎಂಬ ಬೆಳಗಿನ ತಿಂಡಿಯಲ್ಲಿ ಬಣ್ಣದ ಗುಂಡುಗಳಿಗೆ ‘ಕ್ರಂಚ್‌ಬೆರಿ’ ಎಂದು ಹೆಸರು. ಅದು ನಿಜವಾದ ಹಣ್ಣೆಂದು ನಂಬಿ ವರ್ಷಗಟ್ಟಲೆ ತಿಂದೆ ಎಂದು ಒಬ್ಬರು ದಾವೆ ಹೂಡಿದರು. ಕ್ರಂಚ್‌ಬೆರಿ ಎಂಬ ಹಣ್ಣು ಎಲ್ಲೂ ಬೆಳೆಯುವುದಿಲ್ಲ ಎಂದು 2009ರಲ್ಲಿ ನ್ಯಾಯಾಧೀಶರು ಆದೇಶದಲ್ಲಿ ಬರೆಯಬೇಕಾಯಿತು. ವೆನಿಲ್ಲಾ ಎಂದು ಬರೆದ ಹಾಲು, ಐಸ್‌ಕ್ರೀಮ್ ಎಲ್ಲದರ ಮೇಲೂ ನ್ಯೂಯಾರ್ಕಿನ ಒಬ್ಬರೇ ವಕೀಲರು ನೂರಕ್ಕೂ ಹೆಚ್ಚು ದಾವೆ ಹೂಡಿದ್ದಾರೆ. ಬಹುಪಾಲು ವಜಾ. ಇದು ಗ್ರಾಹಕ ರಕ್ಷಣೆಯೋ ಗೃಹ ಕೈಗಾರಿಕೆಯೋ?

ಗಾಣದ ಮನೆ
ಜೇನುತುಪ್ಪದ ಪ್ರಕರಣ ಬಿಟ್ಟಿರಿ. ಟ್ರೇಡರ್ ಜೋಸ್ ಅಂಗಡಿಯ ‘100% ನ್ಯೂಜಿಲೆಂಡ್ ಮನುಕಾ ಜೇನು’ ಪರೀಕ್ಷೆಯಲ್ಲಿ ಶೇ. 60ರ ಆಸುಪಾಸು ಮಾತ್ರ ಮನುಕಾ ಹೂವಿನದೆಂದು ಕಂಡುಬಂತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಜೇನುಹುಳು ಯಾವ ಹೂವಿಗೆ ಹೋಗಬೇಕೆಂದು ಯಾರೂ ಆಜ್ಞೆ ಮಾಡಲಾರರು, ಅದನ್ನು ಯಾವ ವಿವೇಕಿ ಗ್ರಾಹಕನೂ ಬಲ್ಲ ಎಂಬುದು ಒಂದು ಕಾರಣ. ಹದಿನಾಲ್ಕು ಡಾಲರಿಗೆ ಅಪ್ಪಟ ಮನುಕಾ ಸಿಗುವುದಿಲ್ಲ ಎಂದು ಬೆಲೆಯೇ ಹೇಳುತ್ತದೆ ಎಂಬುದು ಇನ್ನೊಂದು. ನಮ್ಮ ಕಡೆ ಕಾಡಿನಿಂದ ತುಡುವೆ ಜೇನು ತರುವವರನ್ನು ಕೇಳಿದ್ದರೆ ಇದನ್ನು ಪುಕ್ಕಟೆಯಾಗಿ ಹೇಳುತ್ತಿದ್ದರು.

ತುಂಗಾತೀರ
ನಗು ಬಂತು. ಆದರೆ ಹಳೇ ಗ್ರಾಹಕರ ಬಂಗಲೆಯ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ.

ದಾವೆದಾರ
ಕೊಡುತ್ತೇನೆ. ಈ ವಿಷಯದಲ್ಲಿ ಅವರ ಸಿಟ್ಟಿಗೆ ಗಟ್ಟಿ ಆಧಾರವಿದೆ. ಕಾನ್ಆಗ್ರಾ ಕಂಪನಿಯ ವೆಸನ್ ಅಡುಗೆ ಎಣ್ಣೆಯ ಮೇಲೆ ‘100% ನ್ಯಾಚುರಲ್’ ಎಂದಿತ್ತು. ಕುಲಾಂತರಿ ಬೆಳೆಯಿಂದ ತೆಗೆದ ಎಣ್ಣೆಗೆ ಹಾಗೆನ್ನಬಹುದೇ ಎಂದು ವರ್ಷಗಟ್ಟಲೆ ದಾವೆ. ಕೊನೆಗೆ ರಾಜಿ. ಕಾಗದದ ಮೇಲೆ ಅದರ ಮೌಲ್ಯ 6.75 ಕೋಟಿ ಡಾಲರಿನವರೆಗೆ. ಗ್ರಾಹಕರ ಕೈಗೆ ಬರುತ್ತಿದ್ದದ್ದು 10 ಲಕ್ಷಕ್ಕಿಂತ ಕಡಿಮೆ. ವಕೀಲರಿಗೆ ಸುಮಾರು 70 ಲಕ್ಷ. ಇದಲ್ಲದೆ, ಇನ್ನು ಮುಂದೆ ಹಾಗೆ ಬರೆಯುವುದಿಲ್ಲ ಎಂದು ಕಂಪನಿ ಮಾತು ಕೊಟ್ಟಿತು. ತಮಾಷೆ ಏನೆಂದರೆ, ಆ ಬರಹವನ್ನು ಅದು 2017ರಲ್ಲಿಯೇ ತೆಗೆದಿತ್ತು, ವೆಸನ್ ಬ್ರ್ಯಾಂಡನ್ನೇ 2019ರಲ್ಲಿ ಬೇರೊಬ್ಬರಿಗೆ ಮಾರಿತ್ತು. ತನ್ನದಲ್ಲದ ಎಣ್ಣೆಯ ಬಗ್ಗೆ ಕೊಟ್ಟ ಮಾತಿಗೆ ಏನು ಬೆಲೆ?

ಆದರೆ ಮುಂದೆ ನಡೆದದ್ದನ್ನೂ ಹೇಳಬೇಕು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ರಾಜಿಯನ್ನು ರದ್ದು ಮಾಡಿತು. ಆಕ್ಷೇಪಿಸಿದ್ದು ಅದೇ ಗುಂಪಿಗೆ ಸೇರಿದ ಒಬ್ಬ ಗ್ರಾಹಕ. ಅಂದರೆ ನಿಮ್ಮ ಕಾರ್ಡಿನಲ್ಲಿಯೂ ‘ಆಕ್ಷೇಪ ಸಲ್ಲಿಸಲು ಕೊನೆಯ ದಿನ’ ಎಂಬ ಸಾಲು ಇರುತ್ತದೆ. ಅದು ಅಲಂಕಾರಕ್ಕೆ ಇರುವುದಲ್ಲ.

ಹಳೇ ಗ್ರಾಹಕ
ಸಿಕ್ಕಿಬಿದ್ದದ್ದು ಒಂದು. ಸಿಕ್ಕದೆ ಹೋದವು ಎಷ್ಟೋ.

ಲೇಬಲ್ ಓದುಗ
ದುಡ್ಡೊಂದನ್ನೇ ಎಣಿಸಬೇಡಿ ಸ್ವಾಮಿ. ದಾವೆ ಹೂಡುತ್ತೇವೆಂದು ಒಂದು ಗ್ರಾಹಕ ಸಂಸ್ಥೆ ಹೆದರಿಸಿದ್ದಕ್ಕೇ 2007ರಲ್ಲಿ ಸೆವೆನ್ ಅಪ್ ತನ್ನ ‘100% ನ್ಯಾಚುರಲ್’ ಬಿಟ್ಟಿತು. ಅದರಲ್ಲಿದ್ದದ್ದು ಜೋಳದ ಪಿಷ್ಟದಿಂದ ಕಾರ್ಖಾನೆಯಲ್ಲಿ ಮಾಡಿದ ಸಿಹಿ ಪಾಕ. 2010ರಲ್ಲಿ ಬೆನ್ ಅಂಡ್ ಜೆರ್ರೀಸ್ ಐಸ್‌ಕ್ರೀಮ್ ಬಿಟ್ಟಿತು. 2018ರಲ್ಲಿ ನೇಚರ್ ವ್ಯಾಲಿ ಓಟ್ಸ್ ಬಾರಿನಿಂದ ‘100% ನ್ಯಾಚುರಲ್’ ಹೋಯಿತು. ಅಲ್ಲಿ ತಕರಾರು ಕಳೆನಾಶಕ ಗ್ಲೈಫೊಸೇಟಿನ ಉಳಿಕೆಯದು. ಈಗ ಇಲ್ಲಿನ ದೊಡ್ಡ ಅಂಗಡಿಗೆ ಹೋದರೆ ಆ ಎರಡು ಪದಗಳು ಮೊದಲಿನಷ್ಟು ಕಣ್ಣಿಗೆ ಬೀಳುವುದಿಲ್ಲ. ನನಗೆ ಚೆಕ್ ಬರದಿದ್ದರೂ ಚಿಂತೆಯಿಲ್ಲ, ಅದು ನನ್ನ ಪಾಲಿನ ಲಾಭ.

ಪಾಕಶಾಸ್ತ್ರಿ
ಹೋದದ್ದು ಪದ ಮಾತ್ರ. ಅದರ ಜಾಗಕ್ಕೆ ‘ಸಿಂಪಲ್’, ‘ಕ್ಲೀನ್’, ‘ವೋಲ್‌ಸಮ್’ ಬಂದು ಕೂತಿವೆ. ಒಳಗಿನ ಪಾಕ ಹಾಗೆಯೇ ಇದೆ.

ಮಂಡ್ಯದ ಕಬ್ಬು
ಅಮೆರಿಕದ ಕಥೆ ಸಾಕು, ನಮ್ಮ ಬೆಲ್ಲದ ಕಥೆ ಕೇಳಿ. ನಮ್ಮದು ಆಲೆಮನೆ ಇದ್ದ ಮನೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಮಡ್ಡಿ ಎತ್ತಲು ಹಿಂದೆ ಬೆಂಡೆ ಗಿಡದ ಲೋಳೆ, ಒಂದಿಷ್ಟು ಸುಣ್ಣ, ಅಷ್ಟೇ. ಬೆಲ್ಲ ಕಂದು ಬಣ್ಣಕ್ಕೆ ಬರುತ್ತಿತ್ತು. ಪೇಟೆಯವರಿಗೆ ಹಳದಿ ಬೆಲ್ಲ ಬೇಕಾಯಿತು. ಬಣ್ಣ ತೆಳುವಾದಷ್ಟೂ ಮಾರುಕಟ್ಟೆಯಲ್ಲಿ ದರ ಹೆಚ್ಚು. ಹಾಗಾಗಿ ಹೈಡ್ರೋಸ್ ಬಂತು, ಅಂದರೆ ಬಟ್ಟೆಗೆ ಬಿಳುಪು ತರಿಸುವ ಸೋಡಿಯಂ ಹೈಡ್ರೋಸಲ್ಫೈಟ್. ಅದರ ಹಿಂದೆಯೇ ಸಕ್ಕರೆಯೂ ಬಂತು. ಹಾಕದ ರೈತ ದರದಲ್ಲಿ ಸೋತ.

ಈಗ ಚಕ್ರ ತಿರುಗಿದೆ. ಬೆಂಗಳೂರಿನ ಅದೇ ಗಿರಾಕಿಗಳಿಗೆ ಕಪ್ಪು ಬೆಲ್ಲ ಬೇಕು, ‘ನೈಸರ್ಗಿಕ’ ಎಂಬ ಚೀಟಿ ಬೇಕು, ದರ ಎರಡು ಪಟ್ಟಾದರೂ ಸರಿ. ಕಪ್ಪಾದ ಮಾತ್ರಕ್ಕೆ ಅದು ಶುದ್ಧವಲ್ಲ. ಹಾಲು ಹೊತ್ತಿದರೂ ಕಪ್ಪಾಗುತ್ತದೆ, ಹಳೆಯ ಬೆಲ್ಲವನ್ನು ಕರಗಿಸಿ ಮತ್ತೆ ಅಚ್ಚಿಗೆ ಹಾಕಿದರೂ ಕಪ್ಪಾಗುತ್ತದೆ. ಅಂದು ಹಳದಿಗೆ ಮರುಳಾದವರು ಇಂದು ಕಪ್ಪಿಗೆ ಮರುಳಾಗಿದ್ದಾರೆ. ನಡುವೆ ನಿಂತು ಚೀಟಿ ಅಂಟಿಸಿದವನು ಎರಡೂ ಸಲ ಗೆದ್ದ. ದಾವೆ ಹೂಡುವುದಾದರೆ ಅವನ ಮೇಲೆ ಹೂಡಿ, ಆಲೆಮನೆಯವನ ಮೇಲೆ ಬೇಡ.

ಕೊಡಚಾದ್ರಿ
ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ಉತ್ತರ ಇದು.

ಕರಿಕೋಟು
ಬೆಂಗಳೂರಿನಲ್ಲಿ ವಕೀಲಿ ಮಾಡುತ್ತೇನೆ. ಒಂದು ವಿಷಯದಲ್ಲಿ ನಾವು ಅಮೆರಿಕಕ್ಕಿಂತ ಮುಂದಿದ್ದೇವೆ ಎಂದರೆ ನಂಬುತ್ತೀರಾ? ಅವರ ಬಳಿ ಇಲ್ಲದ ವ್ಯಾಖ್ಯೆ ನಮ್ಮಲ್ಲಿದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ, 2018ರ ಜಾಹೀರಾತು ಮತ್ತು ಲೇಬಲ್ ಹೇಳಿಕೆಗಳ ನಿಯಮಗಳು 2019ರ ಜುಲೈ 1ರಿಂದ ಜಾರಿಯಲ್ಲಿವೆ. ‘ನ್ಯಾಚುರಲ್’ ಎನ್ನಬೇಕಾದರೆ ಅದು ಒಂದೇ ಆಹಾರವಾಗಿರಬೇಕು, ಗಿಡ, ಪ್ರಾಣಿ, ಖನಿಜ ಅಥವಾ ಸೂಕ್ಷ್ಮಜೀವಿಯ ಮೂಲದ್ದಾಗಿರಬೇಕು, ಅದಕ್ಕೆ ಏನನ್ನೂ ಸೇರಿಸಿರಬಾರದು. ಹುರಿಯುವುದು, ಒಣಗಿಸುವುದು, ಪಾಶ್ಚರೀಕರಿಸುವುದು ಮುಂತಾದ ಸಂಸ್ಕರಣೆ ಮಾಡಬಹುದು. ಹಲವು ಪದಾರ್ಥ ಬೆರೆತ ತಿಂಡಿಯನ್ನು ‘ನ್ಯಾಚುರಲ್’ ಎನ್ನುವಂತೆಯೇ ಇಲ್ಲ. ಬಳಸಿದ್ದೆಲ್ಲವೂ ಈ ಷರತ್ತು ಪೂರೈಸಿದರೆ ‘ನೈಸರ್ಗಿಕ ಪದಾರ್ಥಗಳಿಂದ ತಯಾರಿಸಿದ್ದು’ ಎನ್ನಬಹುದು. ಬ್ರ್ಯಾಂಡಿನ ಹೆಸರಿನಲ್ಲಿಯೇ ‘ನ್ಯಾಚುರಲ್’, ‘ಪ್ಯೂರ್’, ‘ಫ್ರೆಶ್’ ಇದ್ದು ಅದು ದಾರಿ ತಪ್ಪಿಸುವಂತಿದ್ದರೆ, ಇದು ಬ್ರ್ಯಾಂಡ್ ಹೆಸರು ಮಾತ್ರ, ಇದರ ನಿಜಗುಣವಲ್ಲ ಎಂದು ಕನಿಷ್ಠ 3 ಮಿಲಿಮೀಟರ್ ಅಕ್ಷರದಲ್ಲಿ ಬರೆಯಬೇಕು. ಡಬ್ಬಿ ತಿರುಗಿಸಿದರೆ ನಿಮಗೇ ಸಿಗುತ್ತದೆ.

ಸುಳ್ಳು ಜಾಹೀರಾತಿಗೆ ಆಹಾರ ಸುರಕ್ಷತಾ ಕಾಯಿದೆಯ 53ನೇ ಕಲಮಿನಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಹುಟ್ಟಿದ ಕೇಂದ್ರ ಪ್ರಾಧಿಕಾರಕ್ಕೂ 10 ಲಕ್ಷ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರವಿದೆ.

ಮಂಡ್ಯದ ಕಬ್ಬು
ಏನನ್ನೂ ಸೇರಿಸಿರಬಾರದು ಎಂದರೆ ಸುಣ್ಣ ಹಾಕಿದ ನಮ್ಮ ಅಜ್ಜನ ಬೆಲ್ಲವೂ ‘ನ್ಯಾಚುರಲ್’ ಅಲ್ಲವೇ?

ಕರಿಕೋಟು
ವಾದಿಸಬಹುದಾದ ವಿಷಯ. ಶುಲ್ಕ ಕೊಟ್ಟರೆ ಎರಡೂ ಕಡೆ ವಾದಿಸುತ್ತೇನೆ.

ಹಳೇ ಗ್ರಾಹಕ
ಬಂಗಲೆ ಎಂದದ್ದು ಸುಳ್ಳೇ? ವಕೀಲರ ಬಾಯಿಂದಲೇ ಬಂತು!

ಒಗ್ಗರಣೆ
ಕಾಯಿದೆ ಇದ್ದರೆ ಸಾಕೇ? ನಮ್ಮ ಬೀದಿಯಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಸರ್ಕಾರ 2024ರ ಮಾರ್ಚಿನಲ್ಲಿ ಆದೇಶಿಸಿತು. ಒಂದು ವಾರ ಗೋಬಿ ಪೆಚ್ಚುಮೋರೆ ಹಾಕಿಕೊಂಡಿತ್ತು, ಆಮೇಲೆ ಮತ್ತೆ ಕೆಂಪೇರಿತು.

ಲೇಬಲ್ ಓದುಗ
ಗೋಬಿಗೆ ಲೇಬಲ್ ಇರುವುದಿಲ್ಲ. ವಿಷಯಕ್ಕೆ ಬನ್ನಿ.

ಗಾಣದ ಮನೆ
ವಿಷಯಕ್ಕೇ ಬರುತ್ತೇನೆ. ಹಣ್ಣಿನ ರಸದ ಪೊಟ್ಟಣದ ಮೇಲಿನ ‘100% ಹಣ್ಣಿನ ರಸ’ ತೆಗೆಯಿರಿ ಎಂದು ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ಹೇಳಿತಲ್ಲ. ಅವು ಗಟ್ಟಿರಸಕ್ಕೆ ಮತ್ತೆ ನೀರು ಬೆರೆಸಿ ಮಾಡಿದವು. ಅದನ್ನು ಪ್ರಶ್ನಿಸಿ ಡಾಬರ್ ದೆಹಲಿ ಹೈಕೋರ್ಟಿಗೆ ಹೋಯಿತು. ನೋಡಿ ವ್ಯತ್ಯಾಸ. ಅಲ್ಲಿ ಗ್ರಾಹಕ ಕಂಪನಿಯನ್ನು ಕಟಕಟೆಗೆ ಎಳೆಯುತ್ತಾನೆ, ಇಲ್ಲಿ ಕಂಪನಿ ಸರ್ಕಾರವನ್ನು ಎಳೆಯುತ್ತದೆ. ಗ್ರಾಹಕ ಎರಡೂ ಕಡೆ ಕುಡಿಯುತ್ತಾ ನೋಡುತ್ತಿರುತ್ತಾನೆ.

ತುಂಗಾತೀರ
ಕರಿಕೋಟು ಅವರೇ, ಊರಿನಲ್ಲಿ ಅಮ್ಮ ಕೊಂಡ ಡಬ್ಬಿಯ ಮೇಲೆ ಇಂಥ ಸುಳ್ಳಿದ್ದರೆ ಅವರು ಏನು ಮಾಡಬೇಕು? ಎಪ್ಪತ್ತು ದಾಟಿದವರು ಕೋರ್ಟಿಗೆ ಅಲೆಯಲಾರರು.

ಕರಿಕೋಟು
ಮೊದಲು 1915ಕ್ಕೆ ಕರೆ ಮಾಡಲಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲಿಯೇ ಮಾತನಾಡಬಹುದು. ಕಂಪನಿ ಅಲ್ಲಿಗೇ ಬಗ್ಗಿದರೆ ಮುಗಿಯಿತು. ಇಲ್ಲವಾದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವಿಲ್ಲ, ಆನ್‌ಲೈನಿನಲ್ಲಿಯೂ ಸಲ್ಲಿಸಬಹುದು, ವಾಸವಿರುವ ಊರಿನಲ್ಲಿಯೇ ಹೂಡಬಹುದು. ಎರಡು ವರ್ಷದೊಳಗೆ ಹೂಡಬೇಕು. ರಸೀದಿ ಇಟ್ಟುಕೊಳ್ಳಲಿ, ಪೊಟ್ಟಣದ ಮುಂದೆ ಹಿಂದೆ ಎರಡೂ ಕಡೆಯ ಫೋಟೊ ತೆಗೆಯಲಿ. ಕಂಪನಿಗಳು ಲೇಬಲ್ ಬದಲಿಸಿ ‘ನಾವು ಹಾಗೆ ಬರೆದೇ ಇರಲಿಲ್ಲ’ ಎನ್ನುವುದುಂಟು. ಪ್ರಯೋಗಾಲಯದ ಪರೀಕ್ಷೆ ಬೇಕಿಲ್ಲದ ದೂರು ಮೂರು ತಿಂಗಳಲ್ಲಿ, ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯಿದೆ ಹೇಳುತ್ತದೆ. ನಡೆಯುವುದು ಹೆಚ್ಚು ಕಾಲ.

ಒಂದೇ ತೊಂದರೆಯಿರುವ ಹಲವರು ಸೇರಿ ಹೂಡಲು 35ನೇ ಕಲಮು ಅವಕಾಶ ಕೊಡುತ್ತದೆ, ಆಯೋಗದ ಅನುಮತಿ ಬೇಕು. ಆದರೆ ಇಲ್ಲಿ ಮುಂದೆ ನಿಲ್ಲುವವರು ಸಿಗುವುದಿಲ್ಲ. ಗೆದ್ದರೆ ಇಷ್ಟು ಪಾಲು ಎಂದು ಶುಲ್ಕ ಗೊತ್ತುಮಾಡಿಕೊಂಡು ದಾವೆ ನಡೆಸಲು ನಮ್ಮ ವಕೀಲರಿಗೆ ಅನುಮತಿಯಿಲ್ಲ. ಅಮೆರಿಕದಲ್ಲಿ ಈ ದಾವೆಗಳು ನಡೆಯುವುದೇ ಆ ಪಾಲಿನ ಆಸೆಯಿಂದ. ಹಳೇ ಗ್ರಾಹಕರು ಬೈಯುವ ಬಂಗಲೆಯೇ ಅಲ್ಲಿನ ದಾವೆಗೆ ಬಂಡವಾಳ.

ಹಳೇ ಗ್ರಾಹಕ
ಒಪ್ಪುವುದಿಲ್ಲ. ತಮಿಳುನಾಡಿನಲ್ಲಿ ಬಿಸ್ಕತ್ತಿನ ಪೊಟ್ಟಣದಲ್ಲಿ 16 ಎಂದು ಬರೆದು 15 ಹಾಕಿದ್ದಕ್ಕೆ 2023ರಲ್ಲಿ ಗ್ರಾಹಕ ಆಯೋಗ 1 ಲಕ್ಷ ರೂಪಾಯಿ ಕೊಡಿಸಿತು. ಒಬ್ಬನೇ ಮನುಷ್ಯ ಹಿಡಿದ ಹಟ. ಯಾವ ಗುಂಪೂ ಇರಲಿಲ್ಲ, ಯಾರಿಗೂ 70 ಲಕ್ಷ ಡಾಲರ್ ಹೋಗಲಿಲ್ಲ.

ಪಾಕಶಾಸ್ತ್ರಿ
ಬಿಸ್ಕತ್ತನ್ನು ಎಣಿಸಬಹುದು ಸ್ವಾಮಿ. ‘ನ್ಯಾಚುರಲ್’ ಅನ್ನು ಎಣಿಸುವುದು ಹೇಗೆ? ಜೇನಿನ ವಿಷಯ ನೆನಪು ಮಾಡಿಕೊಳ್ಳಿ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡುಗಳ ಜೇನನ್ನು ಪರೀಕ್ಷೆ ಮಾಡಿಸಿತು. ಮಾಮೂಲಿ ಪರೀಕ್ಷೆಯಲ್ಲಿ ಬಹಳಷ್ಟು ಪಾಸಾದವು. ಜರ್ಮನಿಯ ಪ್ರಯೋಗಾಲಯದಲ್ಲಿ ಕಾಂತಕ್ಷೇತ್ರ ಬಳಸಿ ಒಳಗಿನ ಅಣುಗಳನ್ನು ಗುರುತಿಸುವ ಎನ್‌ಎಂಆರ್ ಪರೀಕ್ಷೆಯಲ್ಲಿ ಹೆಚ್ಚಿನವು ಬಿದ್ದವು. ಕಂಪನಿಗಳು ಒಪ್ಪಲಿಲ್ಲ. ಒಬ್ಬ ಗ್ರಾಹಕ ಅಂಥ ಪರೀಕ್ಷೆಯನ್ನು ಸ್ವಂತ ಖರ್ಚಿನಲ್ಲಿ ಮಾಡಿಸಿ ಆಯೋಗದ ಮುಂದೆ ನಿಲ್ಲಬಲ್ಲನೇ? ಅಲ್ಲಿಗೆ ನಿಮ್ಮ ಒಂಟಿ ಹಟ ಮುಗಿಯಿತು. ಗುಂಪು ಬೇಕು, ದುಡ್ಡು ಬೇಕು.

ಹಳೇ ಗ್ರಾಹಕ
ದುಡ್ಡು ಬೇಕಾದರೆ ಸರ್ಕಾರದ ಪ್ರಯೋಗಾಲಯ ಕೊಡಲಿ. ತೆರಿಗೆ ಕಟ್ಟುವುದು ಯಾಕೆ?

ಕೊಡಚಾದ್ರಿ
ಈ ಒಂದು ಮಾತಿಗೆ ಎಲ್ಲರೂ ಒಪ್ಪಬಹುದು ಅನ್ನಿಸುತ್ತದೆ.

ದಾವೆದಾರ
ನಾನು ಒಪ್ಪುವುದಿಲ್ಲ, ಆದರೆ ಈಗ ಕೋರ್ಟಿಗೆ ಹೊತ್ತಾಯಿತು.

ತುಂಗಾತೀರ
ಪ್ರಕರಣದ ಸಂಖ್ಯೆ ತಾಳೆ ನೋಡಿದೆ, ಸರಿಯಾಗಿಯೇ ಇದೆ. ಅರ್ಜಿ ಹಾಕಿದ್ದೇನೆ. ವಕೀಲರ ಶುಲ್ಕದ ಪುಟವನ್ನೂ ಓದಿದೆ. ಅದರ ಮೇಲೆ ಆಕ್ಷೇಪ ಬರೆಯಬೇಕೆಂದಿದೆ. ಕರಡು ಬರೆದರೆ ದಾವೆದಾರರು ಒಮ್ಮೆ ನೋಡಿ ಕೊಡುತ್ತೀರಾ?

ಹಳೇ ಗ್ರಾಹಕ
ನನಗೆ ಕಳಿಸಿ, ನಾನು ನೋಡುತ್ತೇನೆ. ಪುಕ್ಕಟೆ.

ಮಂಡ್ಯದ ಕಬ್ಬು
ಮತ್ತೆ ಬೆಲ್ಲ ಯಾರಿಗೆ ಬೇಕು ಹೇಳಿ. ಸಂಕ್ರಾಂತಿಗೆ ಮುಂಚೆ ಹೊಸ ಅಚ್ಚು ಬರುತ್ತದೆ. ಸುಣ್ಣ ಹಾಕಿರುತ್ತೇವೆ, ಚೀಟಿ ಅಂಟಿಸುವುದಿಲ್ಲ.